ಸಮುದ್ರದ ಕಡೆಯ ನಕ್ಷತ್ರ

ನನ್ನ ಗಂಡ ಝೆಫೆರಿನ್ ಸಮುದ್ರದಿಂದ ಮರಳದೆ ಇನ್ನೂ ವಾರ ತುಂಬಿರಲಿಲ್ಲ, ನನ್ನ ಅತ್ತೆ ಕಪ್ಪು ಬಟ್ಟೆ ತೊಟ್ಟುಬಿಟ್ಟರು. ತೊಟ್ಟವರು ಸುಮ್ಮನಿದ್ದರೂ ಆಗುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು, "ಕಿತೇರ್, ಈ ವರ್ಷ ನಮ್ಮನೇಗೆ ನಕ್ಷತ್ರ ಬೇಡ. ಮಕ್ಕಳಿಗೆ ನೀನೇ ಹೇಳು" ಅಂದರು.

ನಾನು ಸಾರಿಗೆ ಕಾಯಿ ಅರೆಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. "ಯಾರು ಸತ್ರು ಅಂತ ಬೇಡ?" ಅಂದೆ.

ಅವರು ಒಳಗೆ ಹೋದರು. ಅವರನ್ನು ಮಕ್ಕಳು ಅಜ್ಜಿ ಎನ್ನುವ ಅರ್ಥದಲ್ಲಿ ಶಾಮಾಯ್ ಎಂದು ಕರೆಯುತ್ತವೆ, ನಾವೂ ಹಾಗೇ ಕರೆಯುತ್ತೇವೆ. ಎಂಟು ಹೆತ್ತು ಎರಡನ್ನು ಉಳಿಸಿಕೊಂಡ ಹೆಂಗಸು. ಉಳಿದ ಇಬ್ಬರಲ್ಲಿ ದೊಡ್ಡವನು ಬೊಸ್ತ್ಯಾಂವ್, ಚಿಕ್ಕವನು ನನ್ನ ಗಂಡ. ಅತ್ತು ಅತ್ತು ಕಣ್ಣೀರು ಮುಗಿದಿದೆಯೋ ಏನೋ, ಈ ಸಲ ಅವರು ಅತ್ತದ್ದನ್ನು ನಾನು ಕಾಣಲಿಲ್ಲ. ಅದೇ ನನಗೆ ಸಿಟ್ಟು ತರಿಸಿದ್ದು.

ನಮ್ಮ ವಾಡೆಯಲ್ಲಿ, ಎಂದರೆ ಮೀನಿನವರ ಕೇರಿಯಲ್ಲಿ, ಸಾವಾದ ಮನೆಯವರು ಆ ವರ್ಷ ಕ್ರಿಸ್‌ಮಸ್ಸಿಗೆ ನಕ್ಷತ್ರ ತೂಗುಹಾಕುವುದಿಲ್ಲ, ತಿಂಡಿ ಮಾಡುವುದಿಲ್ಲ. ಕತ್ತಲಾದ ಮೇಲೆ ದಂಡೆಯುದ್ದಕ್ಕೂ ಬಣ್ಣದ ಬೆಳಕು ತೂಗುತ್ತಿದ್ದು, ನಡುವೆ ಒಂದು ಮನೆ ಕಪ್ಪಗೆ ಕೂತಿದ್ದರೆ, ಅಲ್ಲಿ ಈ ವರ್ಷ ಯಾರೋ ಹೋದರು ಎಂದು ಅರ್ಥ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಾನೇ ಕೈಯಾರೆ ನನ್ನ ಮನೆಯನ್ನು ಕಪ್ಪು ಮಾಡಿ ಕೂರಬೇಕೆಂದು ಶಾಮಾಯ್ ಹೇಳುತ್ತಿದ್ದರು. ಗಂಡನ ಹೆಣ ನೋಡಿಲ್ಲ, ಮಣ್ಣು ಹಾಕಿಲ್ಲ, ನಾನು ಯಾಕೆ ಮಾಡಲಿ?

ರಸ್ತೆ ಕಡೆಯ ಜನ ನಕ್ಷತ್ರವನ್ನು ಮುಂಬಾಗಿಲಿಗೆ ಕಟ್ಟುತ್ತಾರೆ, ಹೋಗಿಬರುವವರು ನೋಡಲಿ ಎಂದು. ನಾವು ಮೀನಿನವರು ಹಿತ್ತಲ ತೋಟದಲ್ಲಿ ಕಟ್ಟುತ್ತೇವೆ, ಸಮುದ್ರಕ್ಕೆ ಮುಖಮಾಡಿ. ನಮ್ಮ ಮನೆಗಳಿಗೆ ಬರಬೇಕಾದವರು ಬರುವುದು ಆ ಕಡೆಯಿಂದ. ಮನೆಗೊಂದು ಬಣ್ಣ. ನಮ್ಮದು ಕೆಂಪು, ಅಂಚಿಗೆ ಬಿಳಿ. ದೋಣಿಯಲ್ಲಿ ಕೂತವನಿಗೆ ಕತ್ತಲಲ್ಲಿ ತನ್ನ ಮನೆ ಯಾವುದೆಂದು ಗೊತ್ತಾಗುತ್ತದೆ. ಪ್ರತಿವರ್ಷ ಝೆಫೆರಿನ್ ಮಕ್ಕಳನ್ನು ಚಿಕ್ಕು ಮರದ ಬುಡದಲ್ಲಿ ಕೂರಿಸಿಕೊಂಡು ಬಿದಿರು ಸೀಳುತ್ತಿದ್ದ. ನಕ್ಷತ್ರ ಒಂದೇ ಅಲ್ಲ, ತೋಟಕ್ಕೆಲ್ಲ ಏನೇನೋ ತೂಗುಹಾಕುತ್ತಿದ್ದರು. ಚಿಪ್ಪಿನ ಸರ, ತೆಂಗಿನ ಕರಟದ ಗಂಟೆ, ಹರಿದ ಬಲೆಯ ಚೂರಿಗೆ ಕಟ್ಟಿದ ಕಾಗದದ ಮೀನು. ಹಬ್ಬ ಕಳೆದು ಮಳೆಗಾಲದವರೆಗೂ ನನ್ನ ಮೆಣಸಿನ ಗಿಡ, ದಾಸವಾಳ ಎಲ್ಲ ಕಟಕಟ ಅನ್ನುತ್ತಿದ್ದವು. ಬಟ್ಟೆ ಒಣಗಿಸಲು ಹೋದರೆ ತಲೆಗೆ ಕರಟ ಬಡಿಯುತ್ತಿತ್ತು. ಬೈಯುತ್ತಿದ್ದೆ. ಈಗ ಆ ಪೆಟ್ಟು ಸಿಕ್ಕರೆ ಸಾಕು ಅನ್ನಿಸುತ್ತದೆ.

ಹೋದದ್ದು ಹೀಗೆ. ಡಿಸೆಂಬರಿನಲ್ಲಿ ಬರಬಾರದ ಗಾಳಿ ಬಂತು. ದೋಣಿಯಲ್ಲಿ ಮೂವರಿದ್ದರು, ಇಬ್ಬರು ಈಜಿ ದಡ ಸೇರಿದರು. ದೋಣಿ ಮಗುಚಿದಾಗ ಝೆಫೆರಿನ್ ಆಚೆ ಬದಿಯಲ್ಲಿದ್ದ, ಕೂಗು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ ಎಂದರು. ಕೂಗು ಕೇಳಿಸಲಿಲ್ಲ ಎಂದರೆ ಸತ್ತ ಎಂದೇ? ನನ್ನ ಗಂಡ ಮೊದಲೇ ಮಾತು ಕಡಿಮೆಯ ಮನುಷ್ಯ. ಹಲಗೆ ಹಿಡಿದು ದೂರದ ಯಾವುದೋ ದಂಡೆಗೆ ಬಿದ್ದಿರಬಹುದು. ಹಾಗೆ ತಿಂಗಳಾದ ಮೇಲೆ ಬಂದವರ ಕತೆಯನ್ನು ಇದೇ ವಾಡೆಯವರು ಹೇಳುತ್ತಿದ್ದರು. ನನ್ನ ಎದುರು ಮಾತ್ರ ಈಗ ಯಾರೂ ಹೇಳುತ್ತಿರಲಿಲ್ಲ.

ಮಕ್ಕಳಿಗೆ ನಾನು ಹೇಳಿದ್ದೂ ಅದನ್ನೇ. ಪಾಯ್‌ನ, ಎಂದರೆ ಅವರಪ್ಪನ, ದೋಣಿ ದೂರದ ಊರಿಗೆ ಹೋಗಿದೆ, ಸರಿಮಾಡಿಸಿಕೊಂಡು ಬರುತ್ತಾನೆ. ಐದು ವರ್ಷದ ಆವಿತ್ ನಂಬಿದ. ಲವೀನಾ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ತಲೆಯಾಡಿಸಿದಳು. ಆ ಹುಡುಗಿ ತಲೆಯಾಡಿಸಿದರೆ ಒಪ್ಪಿದಳೆಂದೇನಲ್ಲ, ಅವರಪ್ಪನದೇ ಬುದ್ಧಿ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪೊಲೀಸಿನವನು ಸೈಕಲ್ಲಿನಲ್ಲಿ ಬಂದ. ಕಾರವಾರದ ಕಡೆ ದಂಡೆಗೆ ಒಂದು ಗಂಡಸಿನ ದೇಹ ಬಂದಿದೆ, ಮನೆಯವರು ಯಾರಾದರೂ ನೋಡಬೇಕು ಎಂದ. ಮುಂದಿನ ಗೇಟಿನ ಹತ್ತಿರ, ಮೆಲ್ಲಗೆ, ಟೋಪಿ ಕೈಯಲ್ಲಿ ಹಿಡಿದು ಹೇಳಿದ. ಅವನದೇನೂ ತಪ್ಪಿಲ್ಲ. ಆದರೂ ಅವನ ಸೈಕಲ್ ಚಕ್ರದ ಗಾಳಿ ಬಿಡಬೇಕು ಅನ್ನಿಸಿತು ನನಗೆ.

ಬೊಸ್ತ್ಯಾಂವ್ ಹೊರಟ. ದೋಣಿ ಮಾಲೀಕನ ಜೀಪು ಕೇಳಿ ತಂದಿದ್ದ. ಹತ್ತುವ ಮೊದಲು ನನ್ನನ್ನು ಕರೆದು, "ಮಕ್ಕಳಿಗೆ ಏನೂ ಹೇಳ್ಬೇಡ ಕಿತೇರ್. ಸಂಜೆ ಹೊತ್ತಿಗೆ ಬರ್ತೀನಿ. ಅವನಾಗಿರಲ್ಲ ಬಿಡು. ಎಷ್ಟು ದೋಣಿ ಮುಳುಗಿದಾವೆ, ಯಾರೋ ಪಾಪದವನು" ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಜೀಪಿನ ಬಾಗಿಲನ್ನೇ ನೋಡಿ ಹೇಳಿದ.

ಜೀಪು ತಿರುವಿನಲ್ಲಿ ಮರೆಯಾಯಿತು. ಆಗ ನನ್ನೊಳಗೆ ಒಂದು ಹುಚ್ಚು ಹಟ ಹುಟ್ಟಿತು. ಅವನು ವಾಪಸ್ ಬರುವುದರೊಳಗೆ ನಮ್ಮ ನಕ್ಷತ್ರ ಮರದ ಮೇಲಿರಬೇಕು, ಉರಿಯುತ್ತಿರಬೇಕು. ನಕ್ಷತ್ರ ಇರುವ ಮನೆಯಲ್ಲಿ ಸಾವಿಲ್ಲ. ಇಲ್ಲವೆಂದರೆ ಇಲ್ಲ. ಬುದ್ಧಿ ನೆಟ್ಟಗಿದ್ದವರು ಹೀಗೆ ಯೋಚಿಸುವುದಿಲ್ಲ ಎಂದು ನನಗೂ ಗೊತ್ತಿತ್ತು. ಬುದ್ಧಿ ನೆಟ್ಟಗಿಟ್ಟುಕೊಂಡು ಆ ದಿನವನ್ನು ಕಳೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಲವೀನಾಳನ್ನು ಅಂಗಡಿಗೆ ಕಳಿಸಿದೆ, ಕೆಂಪು ಬಿಳಿ ಗಾಳಿಪಟದ ಕಾಗದ ತರಲು. ಬೇಗ ಬಂದಳು.

"ಅಂಗಡಿಯವನು ಏನಾದ್ರೂ ಕೇಳಿದ್ನಾ?" ಅಂದೆ.

"ಯಾರ ಮನೇಗೆ ಅಂದ. ಶಾಲೆಗೆ ಅಂದೆ" ಎಂದಳು. ಕಾಗದದ ಸುರುಳಿಯನ್ನು ನನ್ನ ಕೈಗಿಟ್ಟು ಪಾತ್ರೆ ತೊಳೆಯಲು ಹೋದಳು. ಯಾಕೆ ಸುಳ್ಳು ಹೇಳಿದೆ ಎಂದು ನಾನು ಕೇಳಲಿಲ್ಲ.

ಬಿದಿರು ಸೀಳಿದವಳು ನಾನೇ. ಹಿಂದೆಂದೂ ಸೀಳಿದವಳಲ್ಲ. ಮೊದಲ ಎರಡು ಕಡ್ಡಿ ಮುರಿದವು, ಮೂರನೆಯದು ನನ್ನ ಬೆರಳು ಸೀಳಿತು. ಝೆಫೆರಿನ್ ಮಾಡುತ್ತಿದ್ದಾಗ ಬೆಣ್ಣೆ ಕೊಯ್ದ ಹಾಗೆ ಕಾಣುತ್ತಿತ್ತು. ಐದು ಕಡ್ಡಿ ಕಟ್ಟಿದರೆ ಒಂದು ನಕ್ಷತ್ರ. ಅಂಥವು ಎರಡು ಮಾಡಿ, ಒಂದರ ಮೇಲೊಂದಿಟ್ಟು, ಐದು ತುದಿ ಬಿಗಿದು, ನಡುವೆ ಸಣ್ಣ ಕಡ್ಡಿ ಸಿಕ್ಕಿಸಿ ಹೊಟ್ಟೆ ಉಬ್ಬಿಸಬೇಕು. ಆ ಹೊಟ್ಟೆಯೊಳಗೆ ದೀಪ. ನಾನು ಕಟ್ಟಿದ್ದಕ್ಕೆ ಒಂದು ಕಾಲು ಉದ್ದವಾಯಿತು.

ಆವಿತ್ ತಲೆ ಓರೆ ಮಾಡಿ ನೋಡಿದ. "ಮಾಯ್, ಇದು ಕುಂಟು ನಕ್ಷತ್ರ."

"ಹೌದಪ್ಪ. ನಿಮ್ಮಪ್ಪ ಬಂದು ಸರಿ ಮಾಡ್ಲಿ. ನೀನು ನಿನ್ನ ಚಿಪ್ಪು ಕಟ್ಟು."

ಅವನ ಕೆಲಸ ಚಿಪ್ಪಿನ ಸರ. ತೂತಿರುವ ಚಿಪ್ಪುಗಳನ್ನು ಹುಡುಕಿ, ಬಲೆಯ ದಾರದಲ್ಲಿ ಒಂದೊಂದಕ್ಕೂ ಗಂಟು ಹಾಕಬೇಕು. ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಬಲೆಗಂಟು ಕಲಿಯುತ್ತವೆ. ಆವಿತ್‌ನೂ ಕಲಿತಿದ್ದ, ಆದರೆ ಎಡಗೈಯವನು. ಎಲ್ಲರೂ ಬಲಕ್ಕೆ ಸುತ್ತಿದರೆ ಅವನು ಎಡಕ್ಕೆ ಸುತ್ತುತ್ತಾನೆ. ಸಾಲದ್ದಕ್ಕೆ ಬಿಚ್ಚಿಹೋದೀತೆಂಬ ಹೆದರಿಕೆಯಲ್ಲಿ ಕೊನೆಗೊಂದು ಸುತ್ತು ಹೆಚ್ಚಿಗೆ ಹಾಕಿ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಅವನ ಗಂಟು ಕಡಲೆಕಾಳಿನಷ್ಟು ದಪ್ಪ, ಉಲ್ಟಾ, ಸೊಟ್ಟ. ವಾಡೆಯಲ್ಲಿ ಅಂಥ ಗಂಟು ಇನ್ನೊಬ್ಬರು ಹಾಕುವುದಿಲ್ಲ. ಹಾಕಬೇಕೆಂದರೂ ಬರುವುದಿಲ್ಲ.

ಶಾಮಾಯ್ ಅವನ ಎಡಗೈಗೆ ಹೊಡೆದು ಬುದ್ಧಿ ಕಲಿಸಲು ನೋಡಿದ್ದರು. ಝೆಫೆರಿನ್ ಬಿಡಲಿಲ್ಲ. "ಇರ್ಲಿ ಬಿಡಮ್ಮ. ಇವನ ಬಲೆಗೆ ಬೀಳ್ಬೇಕು ಅಂದ್ರೆ ಮೀನು ಹಿಂದೆಮುಂದಾಗಿ ಈಜ್ಕೊಂಡು ಬರ್ಬೇಕಷ್ಟೆ" ಅನ್ನುತ್ತಿದ್ದ.

ಲವೀನಾ ಈಗ ಅದನ್ನೇ ಹೇಳಿದಳು. ಕರಟಕ್ಕೆ ತೂತು ಕೊರೆಯುತ್ತಾ ತಮ್ಮನ ಕೈ ನೋಡಿ, "ಮತ್ತೆ ಉಲ್ಟಾ. ಬಿಚ್ಚಿ ಹಾಕೋ ಕತ್ತೆ."

"ಬಿಚ್ಚೋಕೇ ಆಗಲ್ಲ ನಂದು" ಎಂದ ಆವಿತ್ ಜಂಬದಿಂದ. "ಪಾಯ್ ಬೆಂತಿಣ್ ಕಿತ್ತೋಗಿತ್ತಲ್ಲ, ನಾನೇ ಕಟ್ಟಿದ್ದು. ಎಳೆದು ನೋಡಿದ್ರು, ಬಿಚ್ಚಲೇ ಇಲ್ಲ. ಸಮುದ್ರಕ್ಕೆ ಬಿದ್ರೂ ಬಿಚ್ಚಲ್ಲ ಕಣೋ ಅಂದ್ರು."

ನನ್ನ ಕೈಯಲ್ಲಿದ್ದ ಅಂಟಿನ ಬಟ್ಟಲು ಮಣ್ಣಿಗೆ ಬಿತ್ತು. ಬೆಂತಿಣ್ ಅಂದರೆ ಕಾರ್ಮೆಲ್ ಮಾತೆಯ ಚಿತ್ರವಿರುವ ಎರಡು ಬಟ್ಟೆ ಚೂರು, ದಾರದಲ್ಲಿ ಕೊರಳಿಗೆ ಹಾಕುವುದು. ಅದಿಲ್ಲದೆ ನಮ್ಮ ಗಂಡಸರು ದೋಣಿ ಹತ್ತುವುದಿಲ್ಲ. ಝೆಫೆರಿನ್‌ನದು ಹರಿದಾಗ ಬಲೆಯ ದಾರ ಕೊಟ್ಟು ಮಗನ ಹತ್ತಿರವೇ ಕಟ್ಟಿಸಿಕೊಂಡಿದ್ದ. ಅಷ್ಟು ದಪ್ಪ ಗಂಟು ಕತ್ತಿಗೆ ಚುಚ್ಚುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಚುಚ್ಚಲಿ, ನೆನಪಿರುತ್ತೆ ಅಂದಿದ್ದ.

"ಮಾಯ್, ಅಂಟು ಚೆಲ್ಲಿತು" ಎಂದಳು ಲವೀನಾ.

"ಗೊತ್ತಾಯ್ತು. ಮೈದಾ ಕಲಸಿ ತರ್ತೀನಿ."

ಅಡುಗೆಮನೆಯಲ್ಲಿ ಮೈದಾ ಕುದಿಸುತ್ತಾ ಸೌಟಿನ ಹಿಡಿಯನ್ನು ಕಚ್ಚಿಕೊಂಡು ಅತ್ತುಬಿಟ್ಟೆ. ಸದ್ದು ಕೇಳಬಾರದಲ್ಲ. ಅವನು ಬೇಡ, ಬೇರೆ ಯಾರಾದರೂ ಆಗಲಿ ಎಂದು ಬೇಡಿಕೊಂಡೆ. ಬೇರೆ ಯಾರಾದರೂ ಅಂದರೆ ಇನ್ನೊಬ್ಬಳ ಗಂಡ ಎಂದು ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡೆ. ಇನ್ನೊಬ್ಬಳು ಅಳಲಿ, ನಾನು ಅಳಲಾರೆ ಅಂದೆ. ದೇವರ ತಾಯಿಗೆ ಇಂಥ ಪ್ರಾರ್ಥನೆ ಎಷ್ಟು ಬರುತ್ತವೋ ಏನೋ.

ಮಧ್ಯಾಹ್ನ ದಾಟಿದ ಮೇಲೆ ಪಕ್ಕದ ಮನೆಯ ಉರ್ಸುಲಾ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ತಟ್ಟೆ, ಮೇಲೆ ಕಸೂತಿ ಬಟ್ಟೆ. ನೆವ್ರಿ, ದೊದೊಲ್, ಕುಲ್‌ಕುಲ್. ಹಬ್ಬಕ್ಕೆ ಮನೆಮನೆಗೆ ತಟ್ಟೆ ಓಡಾಡುವುದು ಇದ್ದದ್ದೇ, ಮತ್ತು ಬಂದ ತಟ್ಟೆಯಲ್ಲಿ ನಮ್ಮ ಮನೆಯ ತಿಂಡಿ ಇಟ್ಟೇ ಹಿಂದಿರುಗಿಸುವುದು. ನಾನು ಆ ವರ್ಷ ಒಂದು ಕುಲ್‌ಕುಲ್ ಕೂಡ ಕರಿದಿರಲಿಲ್ಲ.

ಉರ್ಸುಲಾ ತೋಟದಲ್ಲಿ ಹರಡಿದ್ದ ಬಿದಿರು, ಕಾಗದ, ಕರಟ ಎಲ್ಲ ನೋಡಿದಳು. ಬಾಯಿ ತೆರೆದವಳು ಮುಚ್ಚಿಕೊಂಡಳು. ಒಳ್ಳೆಯ ಹೆಂಗಸು, ಆದರೆ ಮುಖದಲ್ಲಿ ಏನನ್ನೂ ಬಚ್ಚಿಡಲು ಬಾರದು.

"ಮಕ್ಕಳಿಗೆ ಕೊಡು ಬಾಯ್" ಎಂದು, ತಂಗಿಯನ್ನು ಕರೆಯುವ ಹಾಗೆ ಕರೆದು, ತಟ್ಟೆ ಚಾಚಿದಳು. ಆಮೇಲೆ ದನಿ ತಗ್ಗಿಸಿ, "ತಟ್ಟೆ ಖಾಲಿನೇ ಕೊಡು. ನಿನ್ನ ಹತ್ರ ಯಾರು ಏನು ಕೇಳ್ತಾರೆ ಈ ಸಲ" ಅಂದಳು.

ತಟ್ಟೆ ಖಾಲಿಯಾಗಿ ಹೋಗುವುದು ಸಾವಿನ ಮನೆಯಿಂದ ಮಾತ್ರ. ಅವಳು ಕರುಣೆಯಿಂದಲೇ ಹೇಳಿದಳು. ನನಗೆ ಆ ಕರುಣೆ ಕೆನ್ನೆಗೆ ಬಾರಿಸಿದಂತಾಯಿತು.

"ಖಾಲಿ ಯಾಕೆ ಕೊಡ್ಲಿ? ನಮ್ಮನೇಲಿ ಏನಾಗಿದೆ?"

"ಏನೂ ಆಗಿಲ್ಲ ಬಾಯ್, ಏನೂ ಆಗಿಲ್ಲ. ನಾನೊಬ್ಬಳು ಹುಚ್ಚಿ."

ನಾನು ತಿಂಡಿಯನ್ನು ಡಬ್ಬಿಗೆ ಸುರಿದು, ಆವಿತ್ ಕಟ್ಟಿದ ಚಿಪ್ಪಿನ ಸರವೊಂದನ್ನು, ಲವೀನಾಳ ಕರಟದ ಗಂಟೆಯೊಂದನ್ನು ಅವಳ ತಟ್ಟೆಯಲ್ಲಿಟ್ಟು, ಅವಳ ಕಸೂತಿ ಬಟ್ಟೆಯನ್ನೇ ಮೇಲೆ ಮುಚ್ಚಿ ಕೊಟ್ಟೆ. ಉರ್ಸುಲಾ ಬಟ್ಟೆ ಎತ್ತಿ ನೋಡಿದಳು.

"ಪೇರಲೆ ಮರಕ್ಕೆ ತೂಗುಹಾಕ್ತೀನಿ" ಎಂದು ಬೇಗಬೇಗ ಹೋದಳು.

ಇದನ್ನೆಲ್ಲ ಶಾಮಾಯ್ ಹಿಂದಿನ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತು ನೋಡುತ್ತಿದ್ದರು. ಬೆಳಿಗ್ಗೆಯಿಂದ ಒಂದು ಹನಿ ಗಂಜಿ ಕುಡಿದಿರಲಿಲ್ಲ. ಸೂರ್ಯ ನೀರಿಗೆ ಹತ್ತಿರವಾದಾಗ ನಾವು ನಕ್ಷತ್ರವನ್ನು ಮರದ ಬುಡಕ್ಕೆ ತಂದೆವು. ಲವೀನಾ ಮರ ಹತ್ತಿ ಹಗ್ಗವನ್ನು ಕೊಂಬೆಯ ಮೇಲಿಂದ ಇಳಿಬಿಟ್ಟಳು. ಆಗ ಅವರು ಬಾಯಿ ಬಿಟ್ಟರು.

"ಕಿತೇರ್. ಅದನ್ನ ಏರಿಸ್ಬೇಡ. ಊರು ಏನನ್ನತ್ತೆ?"

"ಊರು ಆಗ್ಲೇ ಅಂದಾಯ್ತು. ತಟ್ಟೆ ಖಾಲಿ ಕೊಡು ಅಂತು."

"ನನ್ನ ಮಗ ಹೋದ. ನೀನು ಅವನ ಮೇಲೆ ದೀಪ ತೂಗಿ ಆಟ ಆಡ್ತಿದೀಯ."

"ನೀವು ಹೆಣ ಇಲ್ದೇನೇ ಮಗನ್ನ ಹೂತವರು. ನಾನು ಹೂಳಲ್ಲ" ಅಂದೆ. ಮಕ್ಕಳು ಕೇಳುತ್ತಾರೆಂಬ ಎಚ್ಚರವೂ ಉಳಿದಿರಲಿಲ್ಲ. "ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ನೀವು. ಕಪ್ಪು ಬಟ್ಟೆ ಪೆಟ್ಟಿಗೆಯಲ್ಲಿ ಮಡಿಚಿಟ್ಕೊಂಡು ಕಾಯ್ತಾ ಇದ್ರಾ?"

ಅವರ ಕೈಯ ಜಪಮಾಲೆ ನಿಂತಿತು. "ಹೌದು" ಅಂದರು, ಸಿಟ್ಟಿಲ್ಲದೆ. "ಮೀನಿನವರ ಮನೇಲಿ ಹೆತ್ತವಳು ಕಪ್ಪು ಬಟ್ಟೆ ಮಡಿಚೇ ಇಟ್ಟಿರ್ತಾಳೆ. ನೀನೂ ಇಡ್ತೀಯ."

ಗಾಜಿನ ಲೋಟದಲ್ಲಿಟ್ಟ ಬುಡ್ಡಿ ದೀಪ ಹಚ್ಚಿ ನಕ್ಷತ್ರದ ಹೊಟ್ಟೆಯೊಳಗಿಟ್ಟೆ. ಹಗ್ಗ ಎಳೆದೆ. ಕುಂಟು ನಕ್ಷತ್ರ ಒಂದು ಕಡೆ ವಾಲಿಕೊಂಡು ಮೇಲೇರಿತು. ಹಗ್ಗದ ತುದಿಯನ್ನು ಬುಡಕ್ಕೆ ಕಟ್ಟಲು ಆವಿತ್‌ಗೇ ಕೊಟ್ಟೆ, ಅವನ ಗಂಟು ಬಿಚ್ಚುವುದಿಲ್ಲವಲ್ಲ. ಅವನು ಎಡಕ್ಕೆ ಸುತ್ತಿ, ಹೆಚ್ಚಿಗೆ ಒಂದು ಸುತ್ತು ಹಾಕಿ, ಹಲ್ಲಿನಿಂದ ಎಳೆದ. ಕೆಂಪು ಬೆಳಕು ಮೆಣಸಿನ ಗಿಡಗಳ ಮೇಲೆ ಬಿತ್ತು. ತೋಟದಲ್ಲಿ ಚಿಪ್ಪು ಕರಟ ಎಲ್ಲ ಗಾಳಿಗೆ ಸದ್ದು ಮಾಡತೊಡಗಿದವು. ಒಂದು ಗಳಿಗೆ, ಒಂದೇ ಗಳಿಗೆ, ಗೆದ್ದೆ ಅನ್ನಿಸಿತು.

ಇಗರ್ಜಿಯ ಸಂಜೆಯ ಗಂಟೆ ಬಾರಿಸುವಾಗ ಮುಂದೆ ಜೀಪು ನಿಂತ ಸದ್ದಾಯಿತು. ಬೊಸ್ತ್ಯಾಂವ್ ಮನೆಯೊಳಗಿಂದ ಬರಲಿಲ್ಲ. ಪಕ್ಕದ ಓಣಿಯಿಂದ ಸುತ್ತಿಬಂದು ತೋಟದ ಬೇಲಿಯ ಹತ್ತಿರ ನಿಂತ. ನಕ್ಷತ್ರ ನೋಡಿದ. ಬಹಳ ಹೊತ್ತು ಅದನ್ನೇ ನೋಡಿದ. ಒಳಗೆ ಕಾಲಿಡಲು ಅವನಿಗೆ ಧೈರ್ಯ ಬರಲಿಲ್ಲ ಎಂದು ಕಾಣುತ್ತದೆ. ನಾನೇ ಹೋದೆ. ಮಕ್ಕಳು ಮರದ ಬುಡದಲ್ಲಿ ಉಳಿದ ಕಾಗದ ಆರಿಸುತ್ತಿದ್ದವು.

"ಹೇಳು."

"ಮುಖ ಗೊತ್ತಾಗಲ್ಲ ಕಿತೇರ್" ಅಂದ. "ತುಂಬಾ ದಿನ ನೀರಲ್ಲಿತ್ತು. ಎತ್ತರ ಅವನಷ್ಟೇ ಇದೆ. ಅವನಷ್ಟು ಎತ್ತರದವರು ನೂರು ಜನ ಇದಾರೆ. ನಂಗೆ ಹೌದು ಅನ್ನೋಕೂ ಆಗ್ಲಿಲ್ಲ, ಅಲ್ಲ ಅನ್ನೋಕೂ ಆಗ್ಲಿಲ್ಲ." ಜೇಬಿನಿಂದ ಕರವಸ್ತ್ರದ ಗಂಟು ತೆಗೆದ. "ಇದು ಕೊರಳಲ್ಲಿತ್ತು. ಮನೆಯವರಿಗೆ ತೋರಿಸ್ಕೊಂಡು ಬಾ ಅಂದ್ರು. ನಮ್ಮದಲ್ಲ ಅಂದ್ರೆ ನಾಳೆ ಅಲ್ಲೇ ಮಣ್ಣು ಮಾಡ್ತಾರೆ, ಹೆಸರಿಲ್ಲದವರ ಜಾಗದಲ್ಲಿ."

ಕರವಸ್ತ್ರ ಬಿಚ್ಚಿದ. ಬೆಂತಿಣ್. ಚಿತ್ರ ಅಳಿಸಿಹೋಗಿತ್ತು, ಬಟ್ಟೆ ಕೊಳೆತಿತ್ತು. ದಾರ ಮಾತ್ರ ಹಾಗೇ ಇತ್ತು.

"ಇದು ಎಲ್ಲರ ಕೊರಳಲ್ಲೂ ಇರುತ್ತೆ" ಅಂದೆ.

"ಅದನ್ನೇ ನಾನೂ ಅಂದೆ. ಎಲ್ಲರ ಕೊರಳಲ್ಲೂ ಇರುತ್ತೆ."

ನಾನು ಅದನ್ನು ಕೈಗೆ ತೆಗೆದುಕೊಂಡೆ. ಕತ್ತಲಾಗುತ್ತಿತ್ತು, ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕಿತು. ಕಡಲೆಕಾಳಿನಷ್ಟು ದಪ್ಪ. ಎಡಕ್ಕೆ ಸುತ್ತಿದ್ದು, ಹೆಚ್ಚಿಗೆ ಒಂದು ಸುತ್ತು. ಬೆಳಿಗ್ಗೆಯಿಂದ ಇಂಥ ಗಂಟುಗಳನ್ನೇ ಮುಟ್ಟಿದ ಬೆರಳು ನನ್ನದು, ತಪ್ಪುವುದು ಹೇಗೆ? ಬೇಲಿಯ ಗೂಟ ಹಿಡಿದುಕೊಂಡೆ.

ತಲೆ ಎತ್ತಿದರೆ ನಕ್ಷತ್ರ ಉರಿಯುತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಅಲ್ಲ ಎಂದರೆ ಅವನು ಬದುಕಿರುತ್ತಾನೆ. ಯಾವುದೋ ದಂಡೆಯಲ್ಲಿ ದೋಣಿ ಸರಿಮಾಡಿಸುತ್ತಿರುತ್ತಾನೆ, ವರ್ಷ ವರ್ಷ ನಾನು ನಕ್ಷತ್ರ ತೂಗುಹಾಕುತ್ತೇನೆ, ತಟ್ಟೆ ತುಂಬಿ ಕೊಡುತ್ತೇನೆ, ಹೂವಿನ ಅಂಗಿ ತೊಡುತ್ತೇನೆ. ಕಾರವಾರದ ಮಣ್ಣಿನಲ್ಲಿ ಹೆಸರಿಲ್ಲದೆ ಮಲಗಿದವನು ಯಾರೋ ಪಾಪದವನು.

"ಅವನದಲ್ಲ" ಅಂದೆ.

ಬೊಸ್ತ್ಯಾಂವ್ ಉಸಿರು ಬಿಟ್ಟ ಸದ್ದು ಕೇಳಿಸಿತು. "ಖಂಡಿತಾನಾ?"

"ಅವನದಲ್ಲ ಅಂದ್ನಲ್ಲ. ತಗೊಂಡು ಹೋಗು ಇದನ್ನ. ಹೋಗಿ ಹೇಳು ಅವರಿಗೆ."

ತಗೋ ಎಂದೆ, ಆದರೆ ಕೈ ಬಿಚ್ಚಲಿಲ್ಲ. ಮುಷ್ಟಿ ನನ್ನ ಮಾತು ಕೇಳಲಿಲ್ಲ. ದಾರದ ತುದಿ ಬೆರಳ ಸಂದಿಯಿಂದ ಜೋಲುತ್ತಿತ್ತು. ಆವಿತ್ ಯಾವಾಗ ಬಂದು ಪಕ್ಕದಲ್ಲಿ ನಿಂತನೋ ಗೊತ್ತಿಲ್ಲ. ದಾರ ಹಿಡಿದು ಎಳೆದ. ನನ್ನ ಮುಷ್ಟಿ ಅವನಿಗೆ ಮಾತ್ರ ಬಿಚ್ಚಿಕೊಂಡಿತು.

ಅವನು ಅದನ್ನು ನಕ್ಷತ್ರದ ಬೆಳಕಿಗೆ ಹಿಡಿದು ನೋಡಿದ. ಮುಖ ಅರಳಿತು.

"ತಿತೀವ್, ಇದು ನನ್ನ ಗಂಟು" ಎಂದ ದೊಡ್ಡಪ್ಪನಿಗೆ. "ಪಾಯ್‌ದು. ನೋಡು, ಸಮುದ್ರದಲ್ಲೂ ಬಿಚ್ಚಿಲ್ಲ. ಪಾಯ್ ಕೊಟ್ಟು ಕಳಿಸಿದ್ರಾ? ಎಲ್ಲಿದಾರೆ?"

ಬೊಸ್ತ್ಯಾಂವ್ ನನ್ನನ್ನು ನೋಡಿದ. ನಾನು ಅಲ್ಲೇ ಮರಳಿನಲ್ಲಿ ಕೂತುಬಿಟ್ಟೆ. ಲವೀನಾ ಮರದ ಹತ್ತಿರದಿಂದ ಓಡಿ ಬರಲಿಲ್ಲ, ನಡೆದು ಬಂದಳು. ಬಂದು ನನ್ನ ಬೆನ್ನಿಗೆ ಒರಗಿ ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟಳು. ಎಲ್ಲ ಗೊತ್ತಿದ್ದವಳ ಕೈ ಅದು. ನನಗೋಸ್ಕರವೇ ಆ ಮಗು ಬೆಳಗಿನಿಂದ ಕರಟ ಕೊರೆದಿತ್ತು.

ನಾನು ಗಟ್ಟಿಯಾಗಿ ಅತ್ತೆ. ಅಷ್ಟು ದಿನ ಸೌಟು ಕಚ್ಚಿ, ಸೆರಗು ಕಚ್ಚಿ ತಡೆದದ್ದೆಲ್ಲ ಬಂತು. ಪಕ್ಕದ ತೋಟದಲ್ಲಿ ಉರ್ಸುಲಾ ಅಯ್ಯೋ ದೇವರೇ ಎಂದದ್ದು ಕೇಳಿಸಿತು. ಅತ್ತು ಎದ್ದು, ಮೂಗು ಒರೆಸಿಕೊಂಡು, ಮರದ ಹತ್ತಿರ ಹೋದೆ. ಮಾಡಬೇಕಾದದ್ದು ಗೊತ್ತಿತ್ತು. ಸಾವಿನ ಮನೆಯಲ್ಲಿ ನಕ್ಷತ್ರ ಇರಕೂಡದು. ಬುಡದ ಗಂಟಿಗೆ ಉಗುರು ಹಾಕಿ ಎಳೆದೆ. ಬಿಚ್ಚಲಿಲ್ಲ.

"ಅದನ್ನ ಆರಿಸ್ಬೇಡ."

ಶಾಮಾಯ್ ಜಗಲಿ ಇಳಿದು ಬಂದಿದ್ದರು. ಝೆಫೆರಿನ್ ಹೋದಂದಿನಿಂದ ಅವರು ತೋಟಕ್ಕೆ ಕಾಲಿಟ್ಟಿರಲಿಲ್ಲ, ಸಮುದ್ರ ಕಾಣುತ್ತದೆಂದು. ಆವಿತ್‌ನ ಕೈಯಿಂದ ಬೆಂತಿಣ್ ತೆಗೆದುಕೊಂಡರು. ಗಂಟನ್ನು ತುಟಿಗೆ ಒತ್ತಿಕೊಂಡರು. ಆಮೇಲೆ ದೊಡ್ಡ ಮಗನ ಕಡೆ ತಿರುಗಿದರು.

"ಯಾವಾಗ ತರ್ತೀರಿ?"

"ಈಗ ಹೊರಟ್ರೆ ಬೆಳಗಾಗೋದ್ರೊಳಗೆ ತರ್ತೀವಮ್ಮ."

"ಹೋಗು ಮತ್ತೆ. ಏನು ನೋಡ್ತಾ ನಿಂತಿದೀಯ?"

ಬೊಸ್ತ್ಯಾಂವ್ ಹೋದ. ಶಾಮಾಯ್ ತಲೆ ಎತ್ತಿ ನಕ್ಷತ್ರ ನೋಡಿದರು, ಏರಿಸಿದ ಮೇಲೆ ಮೊದಲ ಸಲ. "ಒಂದು ಕಾಲು ಉದ್ದ ಮಾಡಿದೀಯ" ಅಂದರು ನನಗೆ. "ಎಣ್ಣೆ ಎಷ್ಟು ಹಾಕಿದೀಯ?"

"ಅರ್ಧ ಬುಡ್ಡಿ."

"ಸಾಲಲ್ಲ. ಲವೀನಾ, ಒಳಗೆ ಹೋಗಿ ಸೀಮೆಎಣ್ಣೆ ಬಾಟ್ಲಿ ತಾ." ಅವರು ಬುಡದ ಹಗ್ಗ ಮುಟ್ಟಿ ನೋಡಿದರು. "ಇಲ್ಲಿಂದ ಬಿಚ್ಚು ಕಿತೇರ್. ಮುಂದೆ ಬಿಂಬಲಿ ಮರಕ್ಕೆ ಕಟ್ಟೋಣ. ಹುಟ್ಟಿದಾಗಿಂದ ಅವನು ಸಮುದ್ರದ ಕಡೆಯಿಂದ್ಲೇ ಮನೆಗೆ ಬಂದವನು. ಈ ಸಲ ರಸ್ತೆ ಕಡೆಯಿಂದ ಬರ್ತಿದಾನೆ. ಕತ್ತಲಲ್ಲಿ ಮನೆ ಗೊತ್ತಾಗ್ಬೇಡ್ವಾ?"

"ಪಾಯ್ ಬರ್ತಾರಾ?" ಎಂದ ಆವಿತ್.

ಅವನಜ್ಜಿ, "ಬರ್ತಾನೆ ಮಗಾ. ಬಾ, ಗಂಟು ಬಿಚ್ಚು. ನಿಂದು ಬೇರೆ ಯಾರಿಗೂ ಬಿಚ್ಚೋಕಾಗಲ್ಲ" ಅಂದರು.

ಅವನು ಎಡಗೈಯಿಂದ ಬಿಚ್ಚಿದ. ನಾವು ನಕ್ಷತ್ರವನ್ನು ಉರಿಯುತ್ತಿದ್ದ ಹಾಗೇ ಇಳಿಸಿದೆವು. ಶಾಮಾಯ್ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಮನೆಯ ಪಕ್ಕದ ಓಣಿಯಲ್ಲಿ ಮುಂದಕ್ಕೆ ಹೊತ್ತೆವು. ನಡೆಯುವಾಗ ಬೆಳಕು ಗೋಡೆಯ ಮೇಲೆ ಓಲಾಡುತ್ತಿತ್ತು. ಬಿಂಬಲಿ ಮರದ ಕೆಳಗೆ ಇಟ್ಟು ಬುಡ್ಡಿಗೆ ತುಂಬ ಎಣ್ಣೆ ಹುಯ್ದೆವು. ಏರಿಸಿದ ಮೇಲೆ ಹಗ್ಗದ ತುದಿಯನ್ನು ನಾನು ಮತ್ತೆ ಆವಿತ್‌ಗೇ ಕೊಟ್ಟೆ.